ಹದಿಹರೆಯದ ಕಥೆಗಳೂ ಮನೆಯ ಹಿರಿಯ ಮಗನೂ

ನಮ್ಮ ಅಣ್ಣನವರ ಮಗಳು ಈ ವರ್ಷ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಮುಂಬಯಿಯ ಆಂಗ್ಲ ಮಾಧ್ಯಮದ ಶಾಲೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಕಳೆದ ಮಳೆಗಾಲದ ಒಂದು ಭಾನುವಾರ ಆಕೆ ನಮ್ಮ ಕೈಗೆ ತೆಳ್ಳನೆಯ ಪುಸ್ತಕವೊಂದನ್ನಿತ್ತು, "ಚಿಕ್ಕಪ್ಪಾ, ಇದರಲ್ಲಿ ನಮ್ಮ ಅಪ್ಪ ಇದ್ದಾರೆ, ಓದಿ ನೋಡಿ" ಎಂದಳು. ಪುಸ್ತಕದ ಹೆಸರು 'ದಿ ಔಟ್‌ಸೈಡರ್ಸ್'. ಉಡುಪಿಯ ಕಡೆಯಿಂದ ಬಂದು ಹೋಟೆಲಿನ ಗಲ್ಲಾದಲ್ಲಿ ಕುಳಿತಿರುವ ನಮ್ಮ ಅಣ್ಣನವರು ಅಮೆರಿಕೆಯ ಕಾದಂಬರಿಯೊಂದನ್ನು ಹೊಕ್ಕ ಬಗೆ ಹೇಗೆಂಬ ಕುತೂಹಲದಿಂದ, ನಮ್ಮ ಎಸ್.ಎಸ್.ಎಲ್.ಸಿ.ಯ ಇಂಗ್ಲಿಷನ್ನೂ ಒಂದು ನಿಘಂಟನ್ನೂ ನಂಬಿ, ಹದಿನೈದು ದಿನಗಳಲ್ಲಿ ಅದನ್ನು ಓದಿ ಮುಗಿಸಿದೆವು.

ಬರೆದ ಎಸ್. ಇ. ಹಿಂಟನ್ ಎಂಬುವರು ಹೆಣ್ಣುಮಗಳು. ಓಕ್ಲಹೋಮ ಪ್ರಾಂತದ ಟಲ್ಸಾ ನಗರದಲ್ಲಿ ಶಾಲೆಗೆ ಹೋಗುತ್ತಿದ್ದಾಗಲೇ ಬರೆಯತೊಡಗಿದರು. 1967ರಲ್ಲಿ ಪುಸ್ತಕ ಅಚ್ಚಾದಾಗ ಅವರಿಗೆ 18 ವರ್ಷ. ಗಂಡುಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿಯೊಬ್ಬಳು ಬರೆದಳೆಂದರೆ ವಿಮರ್ಶಕರು ಮೂಗು ಮುರಿದಾರೆಂದು ಪ್ರಕಾಶಕರು ಹೆಸರಿನ ಮೊದಲಕ್ಷರಗಳನ್ನಷ್ಟೇ ಮುದ್ರಿಸಿದರು. ಅದುವರೆಗೆ ಆ ವಯಸ್ಸಿನವರಿಗಾಗಿ ಬರುತ್ತಿದ್ದ ಕಥೆಗಳಲ್ಲಿ, ಶಾಲೆಯ ನೃತ್ಯಕೂಟಕ್ಕೆ ಯಾರು ಯಾರೊಡನೆ ಹೋಗಬೇಕೆಂಬುದೇ ಪರಮ ಸಂಕಟವಾಗಿರುತ್ತಿತ್ತೆಂದು ಹಿಂಟನ್ ಅವರೇ ದೂರಿದ್ದಾರೆ.

ಅವರ ಕಥೆಯಲ್ಲಿ ಸಂಕಟಕ್ಕೆ ಬರಗಾಲವಿಲ್ಲ. ಪೋನಿಬಾಯ್ ಎಂಬ ಹದಿನಾಲ್ಕರ ಹುಡುಗ. ತಂದೆತಾಯಿ ಮೋಟಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಇಪ್ಪತ್ತರ ಹಿರಿಯಣ್ಣ ಡ್ಯಾರಿ ಕಾಲೇಜಿನ ಆಸೆಯನ್ನು ಬಿಟ್ಟು ಮನೆಗಳ ಮಾಡು ಹೊದೆಸುವ ಕೂಲಿಗೆ ನಿಂತಿದ್ದಾನೆ. ನಡುವಿನವನು ಶಾಲೆ ಬಿಟ್ಟು ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಾನೆ. ಒಂದು ರಾತ್ರಿ ಕಿರಿಯವನು ತಡವಾಗಿ ಬಂದಾಗ ಡ್ಯಾರಿ ಕೈಯೆತ್ತುತ್ತಾನೆ, ಹುಡುಗ ಓಡಿಹೋಗುತ್ತಾನೆ, ಅಲ್ಲಿಂದ ಮುಂದೆ ಕೊಲೆ, ಬೆಂಕಿ, ಎರಡು ಸಾವು. ಈ ಭಾಗದಲ್ಲಿ ಲೇಖಕಿಯ ಎಳೆಯ ವಯಸ್ಸು ಎದ್ದು ಕಾಣುತ್ತದೆ. ತಲೆಮರೆಸಿಕೊಂಡ ಹುಡುಗರು ಅಡಗಿದ್ದ ಹಳೆಯ ಚರ್ಚಿಗೇ ಬೆಂಕಿ ಬಿದ್ದು, ಅದರೊಳಗೆ ಮಕ್ಕಳೂ ಸಿಕ್ಕಿಕೊಂಡು, ಇವರೇ ಅವರನ್ನು ರಕ್ಷಿಸುವುದು ಸಿನಿಮಾದ ಮಾತು. (ಸಿನಿಮಾ ಆದದ್ದೂ ಹೌದು. ಕ್ಯಾಲಿಫೋರ್ನಿಯದ ಒಂದು ಶಾಲೆಯ ಮಕ್ಕಳು ಸಹಿಮಾಡಿ ಬರೆದ ಕಾಗದದಿಂದ ಪ್ರೇರಿತರಾಗಿ ಫ್ರಾನ್ಸಿಸ್ ಕೊಪ್ಪೊಲಾ ಅವರು 1983ರಲ್ಲಿ ಅದನ್ನು ತೆರೆಗೆ ತಂದರು.)

ಆದರೆ ಅಣ್ಣತಮ್ಮಂದಿರ ಭಾಗ ಸಿನಿಮಾವಲ್ಲ. ಅಣ್ಣನಿಗೆ ತನ್ನ ಮೇಲೆ ಪ್ರೀತಿಯಿಲ್ಲ, ಇರುವುದು ಬರಿಯ ಗದರಿಕೆ ಎಂದು ಪೋನಿಬಾಯ್ ಪುಸ್ತಕದ ಬಹುಭಾಗ ನಂಬಿರುತ್ತಾನೆ. ನಾವೂ ನಂಬಿದ್ದೆವು. ನಮ್ಮ ತಂದೆ ತೀರಿಕೊಂಡಾಗ ಅಣ್ಣನವರು ಏಳನೆಯ ತರಗತಿಗೇ ಓದು ನಿಲ್ಲಿಸಿ ಮುಂಬಯಿಯಲ್ಲಿ ಲೋಟ ತೊಳೆಯಲು ನಿಂತರು. ಅವರಿಗೂ ನಮಗೂ ಆರೇ ವರ್ಷದ ಅಂತರ, ಡ್ಯಾರಿಗೂ ಪೋನಿಬಾಯ್‌ಗೂ ಇರುವಷ್ಟೇ. ಅವರು ಕಳುಹಿಸುತ್ತಿದ್ದ ಮನಿಯಾರ್ಡರಿನ ಚೀಟಿಯಲ್ಲಿ ಕುಶಲಪ್ರಶ್ನೆ ಇರುತ್ತಿರಲಿಲ್ಲ. ಗಣಿತದ ಅಂಕವೆಷ್ಟೆಂಬ ಪ್ರಶ್ನೆಯೊಂದೇ. ನಾವು ಪದವೀಧರರಾಗಬೇಕೆಂಬುದು ಅವರ ಸಂಕಲ್ಪ. ಎಸ್.ಎಸ್.ಎಲ್.ಸಿ. ಮುಗಿಸಿದ ನಾವು ಹೇಳದೆ ಕೇಳದೆ ಬಸ್ಸು ಹತ್ತಿ ಅವರ ಹೋಟೆಲಿಗೇ ಬಂದಿಳಿದೆವು. ಐದು ತಿಂಗಳು ಅವರು ನಮ್ಮೊಡನೆ ಮಾತನಾಡಲಿಲ್ಲ. ಸಿಟ್ಟೆಂದು ತಿಳಿದಿದ್ದೆವು.

ಪ್ರೇಮದ ವಿಚಾರದಲ್ಲಿ ಹಿಂಟನ್ ಅವರು ಜಾಣತನದಿಂದ ಕಡಮೆ ಹೇಳಿದ್ದಾರೆ. ಸಿರಿವಂತರ ಹುಡುಗಿ ಚೆರಿ ಪೋನಿಬಾಯ್‌ನೊಡನೆ ಸ್ನೇಹದಿಂದ ಮಾತನಾಡುತ್ತಾಳೆ. ಶಾಲೆಯಲ್ಲಿ ಕಂಡಾಗ ಮಾತನಾಡಿಸದಿದ್ದರೆ ತಪ್ಪು ತಿಳಿಯಬೇಡವೆಂದೂ ಮೊದಲೇ ಹೇಳಿಬಿಡುತ್ತಾಳೆ. ಇದಕ್ಕಿಂತ ನಿಜವಾದ ಮಾತು ಆ ವಯಸ್ಸಿನ ಕಥೆಗಳಲ್ಲಿ ವಿರಳ.

ಪ್ರೇಮವನ್ನೇ ಬಯಸುವವರಿಗೆ ಜೂಡಿ ಬ್ಲೂಮ್ ಅವರ 'ಫಾರೆವರ್' ಇದೆ, 1975ರದು. ಪ್ರೀತಿಸಿದವರಲ್ಲಿ ಯಾರೂ ಸಾಯದ ಕಥೆಯೊಂದು ಬೇಕೆಂದು ಮಗಳು ಕೇಳಿದ್ದಕ್ಕಾಗಿ ಬರೆದದ್ದು. ಶಾಶ್ವತವೆಂದು ತಿಳಿದಿದ್ದ ಪ್ರೇಮ ಒಂದು ಬೇಸಿಗೆಯ ಅಗಲಿಕೆಯಲ್ಲಿ ತಾನಾಗಿಯೇ ಸವೆಯುತ್ತದೆ. ತಂದೆತಾಯಿ ಗದರಿಸುವುದಿಲ್ಲ, ಮಗಳನ್ನು ದೂರದ ಶಿಬಿರದ ಕೆಲಸಕ್ಕೆ ಕಳುಹಿಸುತ್ತಾರೆ, ಅಷ್ಟೇ. ದೇಹದ ಸಂಗತಿಗಳನ್ನು ಮುಚ್ಚದೆ ಹೇಳಿದ್ದರಿಂದ ಅಲ್ಲಿನ ಅನೇಕ ಶಾಲೆಗಳು ಇದನ್ನು ಕಪಾಟಿನಿಂದ ತೆಗೆದುಹಾಕಿದವು. ಅಣ್ಣನವರ ಮಗಳಿಗೆ ನಾವಾಗಿ ಇದನ್ನು ಕೊಡಲಾರೆವು; ಆಕೆ ಆಗಲೇ ಓದಿರಬಹುದೆಂಬ ಸಂಶಯವೂ ನಮಗಿದೆ.

ಈ ಎರಡರಲ್ಲಿಯೂ ಮನೆ ತೀರ ಚಿಕ್ಕದು. ಒಂದರಲ್ಲಿ ಹಿರಿಯರು ಸತ್ತಿದ್ದಾರೆ, ಇನ್ನೊಂದರಲ್ಲಿ ಒಳ್ಳೆಯವರಾಗಿ ಬದಿಗೆ ಸರಿದಿದ್ದಾರೆ. ಅದೇ 1967ರಲ್ಲಿ ಹೊರಬಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಎಳೆಯರಿಗಾಗಿ ಬರೆದುದಲ್ಲ. ಆದರೂ ಒಲ್ಲದ ಮದುವೆಯಿಂದ ತಪ್ಪಿಸಿಕೊಂಡು ರಾತ್ರಿ ಹೊರಬೀಳುವ ಚಿನ್ನಮ್ಮನ ಬೆನ್ನಹಿಂದೆ ತುಂಬಿದ ಮನೆಯೊಂದಿದೆ. ನಮ್ಮ ಹುಡುಗಿಯರಿಗೆ ಆ ಮನೆ ಗುರುತಾದೀತು.

ಪುಸ್ತಕವನ್ನು ಹಿಂತಿರುಗಿಸುವಾಗ, "ನಿಮ್ಮಪ್ಪ ಡ್ಯಾರಿಯೇ ಸರಿ, ಪೋನಿಬಾಯ್ ನಾನು" ಎಂದೆವು. ಆಕೆ ನಗಲಿಲ್ಲ. "ಅಲ್ಲ ಚಿಕ್ಕಪ್ಪಾ, ಈಗ ನಾನು. ನೀವು ಓದದೆ ಬಿಟ್ಟದ್ದನ್ನೆಲ್ಲ ನಾನು ಓದಬೇಕಂತೆ" ಎಂದಳು. ಆಕೆಗೆ ಚಿತ್ರಕಲೆಯ ಆಸೆಯೆಂದು ನಮಗೆ ತಿಳಿದದ್ದು ಅಂದೇ.

ಆ ರಾತ್ರಿ ಹೋಟೆಲಿನ ಬಾಗಿಲೆಳೆದ ಮೇಲೆ ಅಣ್ಣನವರಿಗೆ ಕಥೆಯನ್ನು ಕನ್ನಡದಲ್ಲಿ ಹೇಳಿದೆವು. ಮಗಳ ಮಾತನ್ನೂ ಹೇಳಿದೆವು. ಅವರು ಗಲ್ಲಾದ ಚಿಲ್ಲರೆಯನ್ನು ಎಣಿಸುತ್ತಲೇ ಕೇಳಿಸಿಕೊಂಡರು. ಕೊನೆಯಲ್ಲಿ, "ಆ ದೊಡ್ಡ ಹುಡುಗ ಆಮೇಲೆ ಕಾಲೇಜಿಗೆ ಹೋದನೇ?" ಎಂದು ಕೇಳಿದರು. ಪುಸ್ತಕದಲ್ಲಿ ಅದನ್ನು ಹೇಳಿಲ್ಲವೆಂದೆವು.