ರೂಪಾಯಿಯ ಮೋಹ, ಯಂತ್ರದ ಲಾಭ

2024ರಲ್ಲಿ ಮಗಳ ಮನೆಗೆಂದು ಜರ್ಮನಿಗೆ ಹೋಗಿದ್ದಾಗ ಫ್ರಾಂಕ್‌ಫರ್ಟ್ ರೈಲು ನಿಲ್ದಾಣದ ಎಟಿಎಂನಲ್ಲಿ 200 ಯೂರೊ ತೆಗೆಯಲು ಮುಂದಾದೆ. ‘ಮೊತ್ತವನ್ನು ರೂಪಾಯಿಗೆ ಪರಿವರ್ತಿಸಬೇಕೆ?’ ಎಂದು ಯಂತ್ರ ಕೇಳಿತು. ಹೊರನಾಡಿನಲ್ಲಿ ನಮ್ಮ ರೂಪಾಯಿಯ ಹೆಸರು ಕಂಡ ಸಮಾಧಾನದಲ್ಲಿ ಒಪ್ಪಿಗೆಯ ಗುಂಡಿ ಒತ್ತಿದೆ. ಆಗ ಯೂರೊ ಬೆಲೆ 90 ರೂಪಾಯಿಯ ಆಸುಪಾಸಿನಲ್ಲಿತ್ತು. ಯಂತ್ರ ಹಿಡಿದದ್ದು 99ರ ದರ. ಪಿಂಚಣಿ ಹಣದಲ್ಲಿ ಸುಮಾರು 1,800 ರೂಪಾಯಿ ಅರೆಕ್ಷಣದಲ್ಲಿ ಸೋರಿಹೋಯಿತು.

‘ಡೈನಾಮಿಕ್ ಕರೆನ್ಸಿ ಕನ್ವರ್ಷನ್’ ಎಂಬ ಈ ‘ಸೌಲಭ್ಯ’ದಲ್ಲಿ ದರ ನಿಗದಿ ಮಾಡುವುದು ಎಟಿಎಂ ನಡೆಸುವವರು, ತಮ್ಮ ಲಾಭವನ್ನೂ ಅದರಲ್ಲೇ ಸೇರಿಸಿರುತ್ತಾರೆ. ಅದನ್ನು ನಿರಾಕರಿಸಿ ಸ್ಥಳೀಯ ಕರೆನ್ಸಿಯನ್ನೇ ಆರಿಸಿಕೊಂಡರೆ ವೀಸಾ, ಮಾಸ್ಟರ್‌ಕಾರ್ಡ್ ಜಾಲದ ದರ ಅನ್ವಯಿಸುತ್ತದೆ. ಅದು ಮಾರುಕಟ್ಟೆಗೆ ಹತ್ತಿರ. ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ವಿಧಿಸುವ ಶೇ 2ರಿಂದ 3.5ರಷ್ಟು ಶುಲ್ಕ ಸೇರಿದರೂ ನಷ್ಟ ಕಡಿಮೆಯೇ. ಅಂಗಡಿಯ ಕಾರ್ಡ್ ಯಂತ್ರಕ್ಕೂ ಇದೇ ಮಾತು ಸಲ್ಲುತ್ತದೆ. ಪ್ರತಿ ಸಲದ ಶುಲ್ಕ ತಪ್ಪಿಸಲು ಒಮ್ಮೆಗೇ ತುಸು ಹೆಚ್ಚು ತೆಗೆಯುವುದು ಲೇಸು. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ.

ನಿರಾಕರಿಸಿದರೆ ಹಣವೇ ಬಾರದೇನೋ ಎಂಬ ಅಳುಕು ನನ್ನನ್ನೂ ಕಾಡಿತ್ತು. ಮರುವಾರ ಧೈರ್ಯ ಮಾಡಿ ‘ಬೇಡ’ ಎಂದೆ. ಹಣ ಬಂತು, ನ್ಯಾಯವಾದ ದರದಲ್ಲಿ.