ಹಾವು ಮುಟ್ಟಿದ ಗಳಿಗೆ: ಮಲೆನಾಡಿನ ವಿಷವೈದ್ಯ ಕಥನಗಳು ಮತ್ತು ತುರ್ತು ಚಿಕಿತ್ಸಾ ಘಟಕದ ಸಂಶೋಧನೆ

ಶೃಂಗೇರಿಯ ತುಂಗಾತೀರದಲ್ಲಿರುವ ಕಪ್ಪೆಶಂಕರನ ಐತಿಹ್ಯ ನಾಡಿಗೆಲ್ಲ ಪರಿಚಿತವಾದುದು. ಉರಿಬಿಸಿಲಿನಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ನಾಗರಹಾವೊಂದು ಹೆಡೆಬಿಚ್ಚಿ ನೆರಳು ನೀಡುತ್ತಿದ್ದುದನ್ನು ಕಂಡು ಶಂಕರಾಚಾರ್ಯರು ಆ ನೆಲವನ್ನು ಪೀಠಕ್ಕೆ ಆಯ್ದುಕೊಂಡರೆಂದು ಅದು ಹೇಳುತ್ತದೆ. ಸಹಜವೈರವೂ ಕರಗುವ ನೆಲ ಎಂಬ ಈ ಕಲ್ಪನೆ ಹುಟ್ಟಿದ ಪರಿಸರದಲ್ಲಿಯೇ ಹಾವಿನ ಕಡಿತವು ಕೃಷಿಕ ಕುಟುಂಬಗಳ ನಿತ್ಯದ ಭಯವಾಗಿ ಉಳಿದಿದೆ. ಕೊಪ್ಪ, ಶೃಂಗೇರಿ ಹಾಗೂ ಹಿಂದೆ ಯಡೇಹಳ್ಳಿ ಎನಿಸಿಕೊಂಡಿದ್ದ ನರಸಿಂಹರಾಜಪುರ, ಈ ಮೂರು ತಾಲ್ಲೂಕುಗಳ ಅಡಿಕೆ ತೋಟ, ಕಾಫಿ ತೋಟ, ಸೊಪ್ಪಿನ ಬೆಟ್ಟ, ಭದ್ರಾ ಹಿನ್ನೀರಿನ ಅಂಚಿನ ಗದ್ದೆ, ಸೌದೆ ಒಟ್ಟಿದ ಬಚ್ಚಲ ಹಿಂಬದಿ ಇವೆಲ್ಲ ಮನುಷ್ಯರೂ ಹಾವುಗಳೂ ಒಟ್ಟಿಗೆ ಬಳಸುವ ಜಾಗಗಳು.

ಜನಪದ ವೈದ್ಯವನ್ನು ಕುರಿತ ನಮ್ಮ ಸಂಗ್ರಹಗಳಲ್ಲಿ ವಿಷವೈದ್ಯಕ್ಕೆ ಒಂದು ಅಧ್ಯಾಯ ತಪ್ಪದೆ ಇರುತ್ತದೆ. ಯಾವ ಬೇರು, ಎಷ್ಟು ಮೆಣಸು, ಯಾವ ಮಂತ್ರ, ಯಾವ ಪಥ್ಯ ಎಂಬ ವಿವರಗಳು ಅಲ್ಲಿ ದೊರೆಯುತ್ತವೆ. ಆದರೆ ಆ ಮದ್ದು ಪಡೆದ ರೋಗಿ ಏನಾದ, ಕಚ್ಚಿದ್ದು ಯಾವ ಹಾವು, ಕಚ್ಚಿ ಎಷ್ಟು ಹೊತ್ತಾಗಿತ್ತು ಎಂಬ ಪ್ರಶ್ನೆಗಳಿಗೆ ಉತ್ತರ ವಿರಳ. ವಕ್ತೃಗಳು ಇವನ್ನು ಹೇಳಿರುವುದಿಲ್ಲವೆಂದಲ್ಲ. ಹಾವಿನ ಕಡಿತದ ಕಥನವನ್ನು ಯಾರೇ ಹೇಳಲಿ, ‘ದೀಪ ಹಚ್ಚುವ ಹೊತ್ತು’, ‘ಕೊಟ್ಟಿಗೆಗೆ ದನ ಬರುವ ಹೊತ್ತು’ ಎಂದು ಕಾಲವನ್ನು ಹೇಳಿಯೇ ಮುಂದುವರಿಯುತ್ತಾರೆ. ಸಂಗ್ರಾಹಕರು ಮದ್ದನ್ನು ಉಳಿಸಿಕೊಂಡು ಸಾಕ್ಷ್ಯವನ್ನು ಕೈಬಿಟ್ಟಿದ್ದಾರೆ. ಆಸ್ಪತ್ರೆಗಳ ತುರ್ತು ಚಿಕಿತ್ಸಾ ಘಟಕಗಳಲ್ಲಿ ನಡೆದ ಸಂಶೋಧನೆಯನ್ನು ಪಕ್ಕದಲ್ಲಿಟ್ಟು ನೋಡಿದಾಗ, ಕೈಬಿಟ್ಟ ಭಾಗವೇ ಹೆಚ್ಚು ಬೆಲೆಯುಳ್ಳದ್ದೆಂಬುದು ಸ್ಪಷ್ಟವಾಗುತ್ತದೆ. ಅದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸಮಸ್ಯೆಯ ಗಾತ್ರ. ದೇಶದ ಮರಣ ಕಾರಣಗಳನ್ನು ಮನೆಮನೆಗೆ ಹೋಗಿ ವಿಚಾರಿಸಿದ ಸಮೀಕ್ಷೆಯನ್ನು ಆಧರಿಸಿ ೨೦೧೧ರಲ್ಲಿ ಪ್ರಕಟವಾದ ಅಧ್ಯಯನವು, ೨೦೦೫ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು ೪೬,೦೦೦ ಜನ ಹಾವಿನ ಕಡಿತದಿಂದ ಸತ್ತರೆಂದು ಅಂದಾಜಿಸಿತು. ೨೦೨೦ರಲ್ಲಿ ಬಂದ ಮುಂದುವರಿದ ಅಧ್ಯಯನ ೨೦೦೦ದಿಂದ ೨೦೧೯ರವರೆಗಿನ ಸಾವುಗಳನ್ನು ೧೨ ಲಕ್ಷವೆಂದು, ಅಂದರೆ ವರ್ಷಕ್ಕೆ ಸರಾಸರಿ ೫೮,೦೦೦ವೆಂದು ಲೆಕ್ಕಹಾಕಿತು. ಆಸ್ಪತ್ರೆಗಳ ದಾಖಲೆಯಲ್ಲಿ ಕಾಣುತ್ತಿದ್ದ ಸಂಖ್ಯೆ ಇದರ ಸಣ್ಣ ಅಂಶ ಮಾತ್ರ. ಏಕೆಂದರೆ ಬಹುಪಾಲು ಸಾವುಗಳು ಸಂಭವಿಸಿದ್ದು ಮನೆಯಲ್ಲಿ, ದಾರಿಯಲ್ಲಿ, ಇಲ್ಲವೇ ಮದ್ದು ಕೊಡುವವರ ಜಗುಲಿಯಲ್ಲಿ. ಈ ಲೆಕ್ಕ ಸಾಧ್ಯವಾದದ್ದು ಸತ್ತವರ ಮನೆಯವರ ಬಾಯಿಮಾತನ್ನು ಕ್ರಮಬದ್ಧವಾಗಿ ಬರೆದುಕೊಂಡದ್ದರಿಂದ ಎಂಬುದನ್ನು ಜಾನಪದ ವಿದ್ವಾಂಸರು ವಿಶೇಷವಾಗಿ ಗಮನಿಸಬೇಕು. ಮೌಖಿಕ ಹೇಳಿಕೆಯೇ ಇಲ್ಲಿ ವೈದ್ಯವಿಜ್ಞಾನದ ಆಕರವಾಗಿದೆ.

ಇನ್ನು ಭಾಷೆಯ ವಿಚಾರ. ಮಲೆನಾಡಿನಲ್ಲಿ ಕತ್ತಲಾದ ಮೇಲೆ ಹಾವಿನ ಹೆಸರೆತ್ತುವುದಿಲ್ಲ. ‘ಹುಳ’ ಎನ್ನುತ್ತಾರೆ. ಕಚ್ಚಿತು ಎನ್ನದೆ ‘ಮುಟ್ಟಿತು’ ಎನ್ನುವುದೂ ಉಂಟು. ಇದು ನಿಷಿದ್ಧ ಪದಗಳ ಅಧ್ಯಯನಕ್ಕೆ ಒಳ್ಳೆಯ ಉದಾಹರಣೆಯೆಂದು ನಾವು ಪಾಠ ಹೇಳುತ್ತೇವೆ. ಆದರೆ ರಾತ್ರಿ ಹನ್ನೊಂದು ಗಂಟೆಗೆ ತಾಲ್ಲೂಕು ಆಸ್ಪತ್ರೆಯ ಮೆಟ್ಟಿಲೇರಿದ ಮುದುಕಿಯೊಬ್ಬಳು ‘ಹುಳ ಮುಟ್ಟಿತು’ ಎಂದರೆ, ಬಯಲುಸೀಮೆಯಿಂದ ಬಂದ ಯುವ ವೈದ್ಯರಿಗೋ ದಾದಿಗೋ ಅದು ಚೇಳು, ಜೇಡ ಅಥವಾ ಕಂಬಳಿಹುಳುವಾಗಿ ಕೇಳಿಸುವುದು ಅಸಂಭವವಲ್ಲ. ತುರ್ತು ಘಟಕದ ಮೊದಲ ಕೆಲಸವೇ ಬಂದವರಲ್ಲಿ ಯಾರನ್ನು ಮೊದಲು ನೋಡಬೇಕೆಂಬ ವಿಂಗಡಣೆ. ಒಂದು ಪದ ತಪ್ಪಾಗಿ ಅರ್ಥವಾದರೆ ರೋಗಿ ಬೆಂಚಿನ ಮೇಲೆ ಕಾಯುತ್ತಾನೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ನೆಲದ ಮೇಲೆ ಮಲಗುವ ಹೊರರಾಜ್ಯದ ಕೂಲಿಕಾರರ ಸ್ಥಿತಿ ಇನ್ನೂ ಕಷ್ಟದ್ದು. ಅವರ ಮಾತು ತಿಳಿಯುವವರೇ ವಾರ್ಡಿನಲ್ಲಿ ಇರುವುದಿಲ್ಲ.

ಹಾವಿನ ಹೆಸರುಗಳೂ ಹಾಗೆಯೇ. ನಾಗರ, ಕೊಳಕುಮಂಡಲ, ಕಟ್ಟುಹಾವು (ಕಡಂಬಳ), ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಎದುರಾಗಿ ಭಾರತದ ಪ್ರತಿವಿಷ ತಯಾರಾಗುತ್ತದೆ. ಆದರೆ ಜನರ ವರ್ಗೀಕರಣದಲ್ಲಿ ಕಟ್ಟುಗಳಿರುವ ನಿರ್ವಿಷ ಹಾವೂ ಕಟ್ಟುಹಾವೇ. ಮೈಮೇಲೆ ಮಚ್ಚೆಯಿರುವ ಹೆಬ್ಬಾವಿನ ಮರಿಯೂ ಮಂಡಲವೇ. ಆದ್ದರಿಂದ ಇಂದಿನ ಚಿಕಿತ್ಸಾ ಕ್ರಮವು ಹಾವಿನ ಹೆಸರಿಗಿಂತ ರೋಗಿಯ ಲಕ್ಷಣವನ್ನು ನೆಚ್ಚುತ್ತದೆ. ರೆಪ್ಪೆ ಇಳಿಬಿದ್ದು ನುಂಗಲು, ಉಸಿರಾಡಲು ಕಷ್ಟವಾದರೆ ನರದ ವಿಷ. ವಸಡಿನಿಂದ ರಕ್ತ ಒಸರಿ, ಕಚ್ಚಿದ ಅಂಗ ಬಾತು, ಮೂತ್ರ ಕಡಿಮೆಯಾದರೆ ರಕ್ತದ ವಿಷ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ದಿಂದ ಇಂದಿನ ಹಳ್ಳಿಯ ಪಂಡಿತರವರೆಗೆ ನಮ್ಮ ವಿಷವೈದ್ಯ ಪರಂಪರೆಯೂ ಲಕ್ಷಣವನ್ನು ನೋಡಿಯೇ ಮಾತನಾಡಿದೆ. ‘ವಿಷ ಏರಿದೆ’, ‘ತಲೆಗೆ ಹತ್ತಿದೆ’ ಎಂಬ ನುಡಿಗಟ್ಟುಗಳು ಲಕ್ಷಣಗಳು ಹಂತಹಂತವಾಗಿ ತೀವ್ರವಾಗುವುದನ್ನು ಕಂಡವರ ಮಾತುಗಳು. ಮೆಣಸು ಅಗಿಸಿ ಖಾರ ತಿಳಿಯುತ್ತದೆಯೇ ಎಂದು ಕೇಳುವುದು ಪರೀಕ್ಷೆಯಾಗಿ ವಿಶ್ವಾಸಾರ್ಹವಲ್ಲದಿದ್ದರೂ ಪರೀಕ್ಷಿಸಬೇಕೆಂಬ ಬುದ್ಧಿ ಅಲ್ಲಿದೆ.

ಆಸ್ಪತ್ರೆಯ ಪರೀಕ್ಷೆಯೂ ಅಷ್ಟೇ ಸರಳವಾದುದೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಹೊಸದಾದ, ಒಣಗಿದ, ಸಾಬೂನು ತಾಗದ ಗಾಜಿನ ನಳಿಕೆಯಲ್ಲಿ ರೋಗಿಯ ಎರಡು ಮಿಲಿಲೀಟರ್ ರಕ್ತವನ್ನು ಹಾಕಿ, ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಅನಂತರ ಒಮ್ಮೆ ಓರೆ ಮಾಡುತ್ತಾರೆ. ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಕೆಲಸ ಮಾಡುತ್ತಿದೆಯೆಂದು ಅರ್ಥ. ೧೯೭೦ರ ದಶಕದಲ್ಲಿ ನೈಜೀರಿಯಾದಲ್ಲಿ ಡೇವಿಡ್ ವಾರೆಲ್ ಮತ್ತು ಸಂಗಡಿಗರು ರೋಗಿಗಳ ಮಂಚದ ಪಕ್ಕದಲ್ಲಿ ನಡೆಸಿದ ಸಂಶೋಧನೆಯಿಂದ ಬಳಕೆಗೆ ಬಂದ ಈ ವಿಧಾನಕ್ಕೆ ಯಂತ್ರ ಬೇಡ, ವಿದ್ಯುತ್ತು ಬೇಡ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಊರುಗಳಿಗೆ ಹೇಳಿ ಮಾಡಿಸಿದಂತಿದೆ. ಪ್ಲಾಸ್ಟಿಕ್ ನಳಿಕೆ ಬಳಸಿದರೆ ಅಥವಾ ಮಾರ್ಜಕದಲ್ಲಿ ತೊಳೆದ ಗಾಜು ಬಳಸಿದರೆ ಫಲಿತಾಂಶ ಕೆಡುತ್ತದೆ ಎಂಬುದಷ್ಟೇ ಎಚ್ಚರಿಕೆ. ಪರೀಕ್ಷೆಯಲ್ಲಿ ದೋಷ ಕಂಡಾಗ ಎಂಟರಿಂದ ಹತ್ತು ಸೀಸೆ ಪ್ರತಿವಿಷವನ್ನು ರಕ್ತನಾಳದ ಮೂಲಕ ಕೊಡಲು ಆರಂಭಿಸುತ್ತಾರೆ. ಮಗುವಿಗೂ ದೊಡ್ಡವರಷ್ಟೇ ಪ್ರಮಾಣ. ಹಾವು ಮಗುವೆಂದು ವಿಷವನ್ನು ಕಡಿಮೆ ಬಿಡುವುದಿಲ್ಲವಷ್ಟೆ.

ಹಾಗಾದರೆ ನಾಟಿವೈದ್ಯರಲ್ಲಿ ಗುಣವಾದವರ ಕಥನಗಳೆಲ್ಲ ಸುಳ್ಳೇ? ಸುಳ್ಳಲ್ಲ. ಕಚ್ಚುವ ಹಾವುಗಳಲ್ಲಿ ಒಳ್ಳೆ, ಕೇರೆಯಂಥ ನಿರ್ವಿಷ ಜಾತಿಗಳದೇ ದೊಡ್ಡ ಪಾಲು. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಇಂಥವರೆಲ್ಲ ಮದ್ದು ಕುಡಿದರೂ ಬದುಕುತ್ತಾರೆ, ಕುಡಿಯದಿದ್ದರೂ ಬದುಕುತ್ತಾರೆ. ಬದುಕಿದವನು ಕಥೆ ಹೇಳುತ್ತಾನೆ. ಸತ್ತವನ ಮನೆಯವರು ‘ಆಯುಷ್ಯ ಮುಗಿದಿತ್ತು’ ಎಂದು ಸುಮ್ಮನಾಗುತ್ತಾರೆ. ಕಥನ ಪರಂಪರೆಯ ಈ ಓರೆ ನಮ್ಮ ಶಾಸ್ತ್ರಕ್ಕೆ ಅಪರಿಚಿತವೇನಲ್ಲ. ಅದನ್ನು ವೈದ್ಯದ ಅಧ್ಯಾಯದಲ್ಲಿ ಮಾತ್ರ ಮರೆತಿದ್ದೇವೆ.

ಮದ್ದುಗಳ ವಿಷಯದಲ್ಲಿ ಮೌನ ಇನ್ನೂ ಅಪಾಯಕರ. ಹಾವಿನ ಮದ್ದೆಂದು ಪ್ರಸಿದ್ಧವಾದ ಈಶ್ವರಿ ಬೇರಿನಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಅದು ಮೂತ್ರಪಿಂಡವನ್ನು ಹಾಳುಮಾಡುವ, ಕ್ಯಾನ್ಸರ್ ತರುವ ವಸ್ತುವೆಂದು ಸಿದ್ಧಪಟ್ಟಿದೆ. ಕೊಳಕುಮಂಡಲದ ವಿಷ ಕೆಡಿಸುವುದೂ ಮೂತ್ರಪಿಂಡವನ್ನೇ. ಸರ್ಪಗಂಧಿಯಿಂದ ೧೯೫೨ರಲ್ಲಿ ಬೇರ್ಪಡಿಸಿದ ರೆಸರ್ಪೀನ್ ರಕ್ತದೊತ್ತಡವನ್ನು ಇಳಿಸುತ್ತದೆ. ವಿಷದಿಂದ ಒತ್ತಡ ಕುಸಿಯುತ್ತಿರುವ ರೋಗಿಗೆ ಅದರಿಂದ ಕೇಡೇ ಹೊರತು ಒಳಿತಿಲ್ಲ. ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಇವನ್ನು ಕೇಂದ್ರ ಆರೋಗ್ಯ ಸಚಿವಾಲಯದ ೨೦೧೭ರ ಮಾರ್ಗಸೂಚಿ ಸ್ಪಷ್ಟವಾಗಿ ತಡೆಯುತ್ತದೆ. ಕಟ್ಟು ಹಾಕಿಕೊಂಡೇ ಬಂದವರ ವಿಷಯದಲ್ಲಿ ಒಂದು ಸೂಕ್ಷ್ಮವಿದೆ: ಅದನ್ನು ದಾರಿಯಲ್ಲಿ ತಟ್ಟನೆ ಬಿಚ್ಚಬಾರದು. ತಡೆದುನಿಂತಿದ್ದ ವಿಷ ಒಮ್ಮೆಲೇ ದೇಹಕ್ಕೆ ನುಗ್ಗಿ ಉಸಿರು ನಿಲ್ಲಬಹುದು. ಆಸ್ಪತ್ರೆಯಲ್ಲಿ ಸಿದ್ಧತೆ ಮಾಡಿಕೊಂಡು ವೈದ್ಯರೇ ಬಿಚ್ಚುತ್ತಾರೆ. ಕಚ್ಚಿದ ಅಂಗವನ್ನು ಮುರಿದ ಮೂಳೆಗೆ ದಬ್ಬೆ ಕಟ್ಟುವಂತೆ ಅಲುಗದ ಹಾಗೆ ಇರಿಸಿ, ನಡೆಸದೆ, ಧೈರ್ಯ ಹೇಳುತ್ತ ಆಸ್ಪತ್ರೆಗೆ ಒಯ್ಯುವುದೇ ಪ್ರಥಮ ಚಿಕಿತ್ಸೆ.

ಧೈರ್ಯ ಹೇಳುವ ಕೆಲಸದಲ್ಲಿ ನಾಟಿವೈದ್ಯರನ್ನು ಮೀರಿಸುವವರಿಲ್ಲ. ಹಣ ಮುಟ್ಟದೆ, ಹೊತ್ತುಗೊತ್ತು ನೋಡದೆ, ಜಾತಿ ಕೇಳದೆ ಬಾಗಿಲು ತೆರೆಯುವ ಅವರ ಬಗ್ಗೆ ಜನರಿಗಿರುವ ವಿಶ್ವಾಸವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ವೈದ್ಯಕೀಯ ಬರಹಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ. ‘ನನ್ನ ಕೈಮೀರಿದೆ, ಕರೆದುಕೊಂಡು ಹೋಗಿ’ ಎಂದು ಹೇಳುವ ಹಕ್ಕನ್ನು ಪರಂಪರೆಯೇ ಪಂಡಿತನಿಗೆ ಕೊಟ್ಟಿದೆ. ಆ ಮಾತು ಎರಡು ಗಂಟೆ ಮುಂಚೆ ಬಂದರೆ ಸಾಕು. ನಾಗಬನಕ್ಕೆ ಹೊತ್ತ ಹರಕೆಯನ್ನು ರೋಗಿ ಗುಣವಾಗಿ ಬಂದ ಮೇಲೂ ತೀರಿಸಬಹುದು. ಚಿಕಿತ್ಸೆಗೂ ಆರಾಧನೆಗೂ ವಿರೋಧವಿಲ್ಲ.

ಮಂತ್ರವಾದಿ ಸತ್ತವನನ್ನು ಎಬ್ಬಿಸಿದ ಕಥೆಯ ಆಶಯ ದೇಶದ ಹಲವೆಡೆ ಹರಡಿದೆ. ಇದಕ್ಕೆ ತುರ್ತು ಘಟಕದಲ್ಲಿ ಒಂದು ಆಧಾರ ಸಿಗುತ್ತದೆ. ಕಟ್ಟುಹಾವಿನ ಕಡಿತದಲ್ಲಿ ನೋವು, ಊತ ಇರುವುದೇ ಅಪರೂಪ. ಮಲಗಿದ್ದವನು ನಸುಕಿನಲ್ಲಿ ಹೊಟ್ಟೆನೋವೆಂದು ಏಳುತ್ತಾನೆ, ಅನಂತರ ರೆಪ್ಪೆ ಇಳಿಯುತ್ತದೆ, ಕೈಕಾಲು ಸೋಲುತ್ತವೆ, ಉಸಿರು ನಿಲ್ಲುತ್ತದೆ. ಕಣ್ಣಿನ ಪಾಪೆ ಬೆಳಕಿಗೆ ಸ್ಪಂದಿಸದೆ ಮಿದುಳೇ ಸತ್ತಂತೆ ಕಾಣುವ ಈ ಸ್ಥಿತಿಯಲ್ಲಿಯೂ ರೋಗಿಗೆ ಒಳಗೆ ಎಚ್ಚರವಿರಬಹುದು, ಸುತ್ತಲಿನವರ ಮಾತು ಕೇಳಿಸುತ್ತಿರಬಹುದು. ಕೃತಕ ಉಸಿರಾಟವನ್ನು ದಿನಗಟ್ಟಲೆ ಮುಂದುವರಿಸಿದರೆ ಅಂಥವರು ಸಂಪೂರ್ಣವಾಗಿ ಚೇತರಿಸಿಕೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹಾವು ಕಚ್ಚಿದವನನ್ನು ಬೇಗನೆ ಸತ್ತನೆನ್ನಬಾರದೆಂಬ ಜನಪದರ ಹಿಂಜರಿಕೆಯನ್ನು ಈ ಬೆಳಕಿನಲ್ಲಿ ಮರುಪರಿಶೀಲಿಸಬೇಕು. ಇಲ್ಲಿ ಪ್ರತಿವಿಷಕ್ಕಿಂತ ಉಸಿರೂಡುವ ಚೀಲ ಹಿಡಿದ ಕೈ ಮುಖ್ಯ. ಕೊಪ್ಪದಿಂದ ಶಿವಮೊಗ್ಗಕ್ಕೋ, ಶೃಂಗೇರಿಯಿಂದ ಆಗುಂಬೆ ಘಾಟಿಯಿಳಿದು ಮಣಿಪಾಲಕ್ಕೋ ಸಾಗಿಸುವ ಹಾದಿಯುದ್ದಕ್ಕೂ ಆ ಕೈ ನಿಲ್ಲಬಾರದು. ೨೦೦೮ರ ನವೆಂಬರಿನಲ್ಲಿ ರಾಜ್ಯದಲ್ಲಿ ಆರಂಭವಾದ ೧೦೮ ಆಂಬುಲೆನ್ಸ್ ಸೇವೆಯ ಬೆಲೆ ತಿಳಿಯುವುದು ಇಂಥ ಹಾದಿಯಲ್ಲಿ.

ಆಸ್ಪತ್ರೆಯ ಪ್ರತಿವಿಷಕ್ಕೂ ಮಿತಿಯಿದೆ ಎಂಬುದನ್ನು ಹೇಳದಿದ್ದರೆ ಚಿತ್ರ ಏಕಪಕ್ಷೀಯವಾದೀತು. ಅದಕ್ಕೆ ಬೇಕಾದ ವಿಷ ಬಹುಮಟ್ಟಿಗೆ ಬರುತ್ತಿದ್ದುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆಯೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ತೋಟದ ದರಗಿನಲ್ಲಿ ಅಡಗುವ ಮೂಗುಬ್ಬಿನ ಗುಳಿಮಂಡಲ ಅಪಾಯವಿಲ್ಲದ್ದೆಂಬ ಭಾವನೆಯಿತ್ತು. ಅದರಿಂದ ಮೂತ್ರಪಿಂಡ ವಿಫಲವಾಗುವ, ರಕ್ತ ಹೆಪ್ಪುಗಟ್ಟದಿರುವ ಪ್ರಕರಣಗಳನ್ನು ಕೇರಳದ ವೈದ್ಯರು ೨೦೦೭ರಲ್ಲಿ ಖಚಿತವಾಗಿ ವರದಿ ಮಾಡಿದರು. ಭಾರತದ ಪ್ರತಿವಿಷ ಅದಕ್ಕೆ ನಾಟುವುದಿಲ್ಲ. ಪಶ್ಚಿಮಘಟ್ಟದ ಕಾಳಿಂಗಸರ್ಪ ಪ್ರತ್ಯೇಕ ಪ್ರಭೇದವೆಂದು ೨೦೨೪ರಲ್ಲಿ ನಿರ್ಧಾರವಾಗಿ, ಅದರ ವೈಜ್ಞಾನಿಕ ನಾಮದಲ್ಲಿ ‘ಕಾಳಿಂಗ’ ಎಂಬ ನಮ್ಮ ಪದವೇ ಸೇರಿತು. ಅದಕ್ಕೂ ಇಲ್ಲಿಯ ನಾಲ್ಕು ಹಾವುಗಳ ಪ್ರತಿವಿಷ ಉದ್ದೇಶಿತವಾದುದಲ್ಲ.

೨೦೨೪ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮಾರ್ಚಿನಲ್ಲಿ, ಸಾವುಗಳನ್ನು ೨೦೩೦ರೊಳಗೆ ಅರ್ಧಕ್ಕಿಳಿಸುವ ರಾಷ್ಟ್ರೀಯ ಕ್ರಿಯಾಯೋಜನೆ ಹೊರಬಂದಿತು. ಆಸ್ಪತ್ರೆಗೆ ಬಂದವರ ಲೆಕ್ಕ ಇನ್ನು ಮುಂದೆ ಸಿಗುತ್ತದೆ. ಬಾರದವರ ಲೆಕ್ಕ ಪಂಡಿತರ ಜಗುಲಿಯಲ್ಲಿದೆ, ಅಲ್ಲಿಗೆ ಹೋಗುವ ರೂಢಿಯಿರುವುದು ಜಾನಪದ ಸಂಗ್ರಾಹಕರಿಗೆ. ಈ ಮೂರು ತಾಲ್ಲೂಕುಗಳಲ್ಲಿ ವಿಷವೈದ್ಯ ಕಥನ ಸಂಗ್ರಹಿಸುವವರು ಮದ್ದಿನ ಹೆಸರಿಗೆ ಮೊದಲು ಐದು ವಿವರ ಬರೆದುಕೊಳ್ಳಬಹುದು: ಕಚ್ಚಿದ ಹೊತ್ತು, ಜಾಗ, ಹಾವಿಗೆ ವಕ್ತೃ ಬಳಸಿದ ಪದ, ಕಂಡ ಲಕ್ಷಣಗಳ ಅನುಕ್ರಮ, ರೋಗಿಯ ಗತಿ. ‘ಹುಳ’ ಎಂದಿದ್ದರೆ ‘ಹುಳ’ ಎಂದೇ ಬರೆದು, ಅದು ಹಾವೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಈಗಾಗಲೇ ಅಚ್ಚಾಗಿರುವ ಸಂಗ್ರಹಗಳ ಮರುಮುದ್ರಣದಲ್ಲಿ ಈಶ್ವರಿ ಬೇರಿನ ಪುಟಕ್ಕೆ ಎರಡು ಸಾಲಿನ ಎಚ್ಚರಿಕೆಯನ್ನು ಸೇರಿಸುವುದಕ್ಕೆ ಯಾವ ಹೊಸ ಸಂಶೋಧನೆಯೂ ಬೇಕಿಲ್ಲ.