ಮುಂಬಯಿಯಲ್ಲಿ ಕರೆಂಟಿನ ಕಂಪನಿ ಬದಲಿಸುವ ಬಗೆ

ನಮ್ಮ ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಸೀಮೆಯ ಎಷ್ಟೋ ಮನೆಗಳಿಂದ ಒಬ್ಬಿಬ್ಬರು ಮುಂಬಯಿಗೆ ದುಡಿಯಲು ಹೋಗಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಅವರಾಡುವ ಒಂದು ಮಾತು ಕೇಳಿ ಇಲ್ಲಿಯವರು ಬೆರಗಾಗುವದುಂಟು: "ಆ ಕಂಪನಿಯ ಕರೆಂಟು ತುಟ್ಟಿಯಾಯಿತು, ಈ ಕಂಪನಿಯದು ತಕ್ಕೊಂಡೆವು." ಊರಿಗೊಬ್ಬಳೇ ಪದ್ಮಾವತಿ ಎಂಬಂತೆ ಒಂದೇ ಕಂಪನಿಯ ದೀಪ ಕಂಡ ನಮಗೆ, ಇದೇನು ಕಿರಾಣಿ ಅಂಗಡಿ ಬದಲಿಸಿದಷ್ಟು ಸುಲಭವೇ, ಬದಲಿಸಿದವರಿಗೆ ನಿಜವಾಗಿ ಉಳಿತಾಯವೇ ಎಂಬ ಪ್ರಶ್ನೆ ಏಳುವದು ಸಹಜವೇ. ಅದನ್ನು ಬಿಡಿಸಿ ಹೇಳಲು ಇಲ್ಲಿ ಯತ್ನಿಸುತ್ತೇವೆ.

ಮುಂಬಯಿಯ ಉಪನಗರಗಳಲ್ಲಿ ಮನೆಮನೆಗೆ ತಂತಿ ಎಳೆದ ಕಂಪನಿ ಮೊದಲು ಬಿ.ಎಸ್.ಇ.ಎಸ್., ಬಳಿಕ ರಿಲಾಯನ್ಸ್, 2018ರಿಂದ ಅದಾನಿ. ಟಾಟಾ ಕಂಪನಿಯಾದರೋ 1915ರಲ್ಲಿಯೇ ಖೋಪೋಲಿಯ ನೀರಿನಿಂದ ವಿದ್ಯುತ್ತನ್ನು ಹುಟ್ಟಿಸಿ ಮುಂಬಯಿಗೆ ಮಾರಿದ್ದು. ಟಾಟಾದವರು ಚಿಕ್ಕ ಗಿರಾಕಿಗಳಿಗೂ ನೇರವಾಗಿ ಮಾರಬಹುದೆಂದು 2008ರ ಜುಲೈದಲ್ಲಿ ಸುಪ್ರೀಮ್ ಕೋರ್ಟು ತೀರ್ಪಿತ್ತಿತು. ಆದರೆ ಅವರ ತಂತಿ ಎಲ್ಲ ಓಣಿಗಳಲ್ಲಿಯೂ ಇರಲಿಲ್ಲ. 2009ರ ಅಕ್ಟೋಬರದಲ್ಲಿ ಮಹಾರಾಷ್ಟ್ರ ವಿದ್ಯುತ್ ನಿಯಾಮಕ ಆಯೋಗವು, ಇದ್ದ ತಂತಿಯ ಮೇಲೆಯೇ ಬೇರೆ ಕಂಪನಿಯ ಕರೆಂಟನ್ನು ಕೊಳ್ಳಲು ದಾರಿ ಮಾಡಿಕೊಟ್ಟಿತು. ಇಡಿಯ ಮುಂಬಯಿಗೆ ಈ ಮಾತು ಅನ್ವಯಿಸದು. ಮುಲುಂಡ, ಭಾಂಡುಪದ ಕಡೆಗೆ ನಮ್ಮ ಮಹಾವಿತರಣವೇ ಇದೆ.

ಒಂದೇ ತಂತಿಯಲ್ಲಿ ಇಬ್ಬರ ಕರೆಂಟು ಹೇಗೆ ಬಂದೀತು? ಕಾಲುವೆಯನ್ನು ನೆನೆಯಿರಿ. ಎರಡು ಕೆರೆಗಳ ನೀರು ಒಂದೇ ಕಾಲುವೆಗೆ ಬಿದ್ದು ಬೆರೆತುಹೋಗುತ್ತದೆ. ನಿಮ್ಮ ಹೊಲಕ್ಕೆ ಬಂದದ್ದು ಯಾವ ಕೆರೆಯ ನೀರೆಂದು ಯಾರೂ ಹೇಳಲಾರರು. ನೀವು ಬಳಸಿದಷ್ಟನ್ನು ಅಳೆದು, ಅಷ್ಟು ನೀರನ್ನು ನಿಮ್ಮ ಪರವಾಗಿ ಕಾಲುವೆಗೆ ಬಿಟ್ಟವನಿಗೆ ನೀರಿನ ಬೆಲೆಯನ್ನೂ, ಕಾಲುವೆ ತೋಡಿಸಿದವನಿಗೆ ಕಾಲುವೆಯ ಬಾಡಿಗೆಯನ್ನೂ ಕೊಡುತ್ತೀರಿ. ಕರೆಂಟಿನ ಮಾತೂ ಹಾಗೆಯೇ. ಆದ್ದರಿಂದ "ಕಂಪನಿ ಬದಲಿಸಿದರೆ ದೀಪ ಹೋಗುವದು ನಿಲ್ಲುವದು" ಎಂದು ಯಾರಾದರೂ ಅಂದರೆ ನಂಬಬೇಡಿರಿ. ತಂತಿ ಹಳೆಯದೇ ಇದ್ದ ಮೇಲೆ, ಅದು ಕಡಿದರೆ ಜೋಡಿಸಲು ಬರುವವರೂ ಹಳಬರೇ.

ಇನ್ನು ಬಿಲ್ಲು. ನಮ್ಮ ಮನೆಗೆ ಬರುವ ಮರಾಠಿ ಬಿಲ್ಲಿನಲ್ಲಿ ಸ್ಥಿರ ಆಕಾರ, ವೀಜ ಆಕಾರ, ವಹನ ಆಕಾರ, ಇಂಧನ ಸಮಾಯೋಜನ ಆಕಾರ, ವೀಜ ಶುಲ್ಕ ಎಂಬ ಸಾಲುಗಳನ್ನು ನೋಡಿರುವಿರಿ. ಮುಂಬಯಿಯವರ ಬಿಲ್ಲೂ ಇದೇ ಭಾಗಗಳಿಂದ ಕೂಡಿದ್ದು. ಸ್ಥಿರ ಆಕಾರವನ್ನು ದೀಪ ಹಚ್ಚಿದರೂ ಹಚ್ಚದಿದ್ದರೂ ಕೊಡಬೇಕು. ವೀಜ ಆಕಾರ ಬಳಸಿದ ಕರೆಂಟಿನ ಬೆಲೆ, ವಹನ ಆಕಾರ ತಂತಿಯ ಬಾಡಿಗೆ. ಇಂಧನದ ಆಕಾರವು ಕಲ್ಲಿದ್ದಲು ಮುಂತಾದವುಗಳ ಬೆಲೆಯಂತೆ ಏರಿಳಿಯುವದು. ಕೊನೆಯದು ಸರಕಾರದ ತೆರಿಗೆ, ಮನೆಗಳಿಗೆ ಶೇಕಡಾ 16. ಅದು ಯಾವ ಕಂಪನಿಗೆ ಹೋದರೂ ತಪ್ಪದು. ಬಹಳ ಜನ ವೀಜ ಆಕಾರ ಒಂದನ್ನೇ ನೋಡಿ ಮೋಸಹೋಗುತ್ತಾರೆ.

ಅದರಲ್ಲಿಯೂ ಮೊದಲ 100 ಯೂನಿಟ್ಟಿಗೆ ಒಂದು ದರ, ಮುಂದಿನ 200 ಯೂನಿಟ್ಟಿಗೆ ಬೇರೆ ದರ. ಲೆಕ್ಕಕ್ಕಾಗಿ ಕೆಲವು ಅಂಕಿ ಹಿಡಿಯೋಣ. ಇವು ಯಾವ ಕಂಪನಿಯ ದರವೂ ಅಲ್ಲ. ಮೊದಲನೆಯ ಕಂಪನಿಯದು 100ರ ವರೆಗೆ ಯೂನಿಟ್ಟಿಗೆ 4 ರೂಪಾಯಿ, ಅದರ ಮೇಲಿನದಕ್ಕೆ 7 ರೂಪಾಯಿ. ಎರಡನೆಯದು 100ರ ವರೆಗೆ 5, ಮೇಲಿನದಕ್ಕೆ 6. ತಿಂಗಳಿಗೆ 80 ಯೂನಿಟ್ಟು ಸುಡುವ ಒಂದು ಕೋಣೆಯ ಮನೆಗೆ ಮೊದಲನೆಯದರಲ್ಲಿ 320 ರೂಪಾಯಿ, ಎರಡನೆಯದರಲ್ಲಿ 400. ಅದೇ ಫ್ರಿಜ್ಜು, ಗೀಜರು ಇಟ್ಟುಕೊಂಡು 250 ಯೂನಿಟ್ಟು ಸುಡುವ ಮನೆಗೆ ಮೊದಲನೆಯದರಲ್ಲಿ 1,450, ಎರಡನೆಯದರಲ್ಲಿ 1,400. ಸರಿಯಾಗಿ 200 ಯೂನಿಟ್ಟಿಗೆ ಎರಡೂ 1,100. ನೆರೆಯವನಿಗೆ ಅಗ್ಗವಾದ ಕಂಪನಿ ನಿಮಗೆ ತುಟ್ಟಿಯಾಗಬಹುದೆಂಬುದು ಇದರಿಂದ ತಿಳಿಯುವದು. ಅದಕ್ಕಾಗಿ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಬೇಸಿಗೆಯ ಫ್ಯಾನಿನ ಖರ್ಚನ್ನೂ ಮಳೆಗಾಲದ ಕಡಿಮೆ ಖರ್ಚನ್ನೂ ಕೂಡಿಸಿ, ಎಲ್ಲ ಆಕಾರಗಳ ಸಹಿತ ವರ್ಷದ ಮೊತ್ತವನ್ನು ಹೋಲಿಸಬೇಕು. ಬದಲಿಸುವದೇ ನಿಶ್ಚಯವಾದರೆ ಹಳೆಯ ಬಾಕಿ ತೀರಿಸಿ, ಬದಲಾದ ದಿನದ ಮೀಟರಿನ ಅಂಕಿ ಬರೆದಿಟ್ಟುಕೊಳ್ಳಲಿ.

ದರ ಗೊತ್ತುಮಾಡುವದು ಕಂಪನಿಯಲ್ಲ, ಆಯೋಗ. ಅದು ಬದಲಾದಾಗ ತಕ್ಕಡಿಯೂ ತಿರುಗುತ್ತದೆ. 2009ರ ನಂತರ ಅಗ್ಗವೆಂದು ಟಾಟಾಕ್ಕೆ ಹೋದವರ ಮೇಲೆ 2011ರಲ್ಲಿ ಹೆಚ್ಚಿನ ಆಕಾರ ಬಿದ್ದಿತು. ಮುಂದೆ ಅವರಲ್ಲಿ ಹಲವರು ಹಳೆಯ ಕಂಪನಿಗೇ ಮರಳಿದರು.

ಆ ಹೆಚ್ಚಿನ ಆಕಾರ ಏಕೆ? ರೈತರಾದ ನಾವು ಗಮನವಿಟ್ಟು ಕೇಳಬೇಕಾದ ಮಾತು ಇದೇ. ಕಾರಖಾನೆ, ದೊಡ್ಡ ಅಂಗಡಿಗಳು ತಮ್ಮ ಕರೆಂಟಿನ ಖರ್ಚಿಗಿಂತ ಹೆಚ್ಚು ಕೊಡುವದರಿಂದಲೇ ಬಡವರ ಮನೆಗೂ ಹೊಲದ ಪಂಪಿಗೂ ದರ ಕಡಿಮೆಯಾಗಿದೆ. ಹೆಚ್ಚು ಕೊಡುವವರು ಮೊದಲು ಎದ್ದುಹೋದರೆ ಉಳಿದವರ ಮೇಲೆ ಭಾರ. ಮುಂಬಯಿಯಲ್ಲಿ ಹೀಗೆಯೇ ಆಗುತ್ತಿದೆಯೆಂದು ಕಂಡು, 2012ರಲ್ಲಿ ಆಯೋಗವು ತಿಂಗಳಿಗೆ 300 ಯೂನಿಟ್ಟಿನ ಒಳಗೆ ಬಳಸುವ ಮನೆಗಳನ್ನಷ್ಟೇ ಬದಲಾಯಿಸಿಕೊಳ್ಳಲು ಟಾಟಾಕ್ಕೆ ಅಪ್ಪಣೆಯಿತ್ತಿತ್ತು.

ನಮ್ಮ ಹಳ್ಳಿಗಳಲ್ಲಿ ಎರಡನೆಯ ಕಂಪನಿ ಇಲ್ಲ. ಹಲವು ಕಂಪನಿಗಳಿಗೆ ಒಂದೇ ತಂತಿಯ ಮೇಲೆ ಮಾರಲು ಬಿಡುವ ಮಸೂದೆ 2022ರಲ್ಲಿ ಲೋಕಸಭೆಗೆ ಬಂದು, ಪಾಸಾಗದೆ 2024ರಲ್ಲಿ ಸಭೆಯೊಂದಿಗೇ ಮುಗಿಯಿತು. 2025ರ ಅಕ್ಟೋಬರದಲ್ಲಿ ಕೇಂದ್ರ ಸರಕಾರ ಹೊಸ ಕರಡು ಹೊರಡಿಸಿತು. 2020-21ರಲ್ಲಿ ದಿಲ್ಲಿಯ ಗಡಿಯಲ್ಲಿ ಕುಳಿತ ರೈತರ ಬೇಡಿಕೆಗಳಲ್ಲಿ ಅಂದಿನ ವಿದ್ಯುತ್ ಮಸೂದೆ ಬೇಡವೆಂಬುದೂ ಒಂದಾಗಿತ್ತು. ಅವರ ಅಂಜಿಕೆ ಬರಿಯ ಅಂಜಿಕೆಯಲ್ಲವೆಂದೇ ನಮ್ಮ ಎಣಿಕೆ. ಮಹಾರಾಷ್ಟ್ರ ಸರಕಾರವು 2024ರಲ್ಲಿ 7.5 ಅಶ್ವಶಕ್ತಿಯ ವರೆಗಿನ ಪಂಪಿಗೆ ಐದು ವರ್ಷ ಬಿಲ್ಲು ಮನ್ನಾ ಮಾಡಿತಾದರೂ, ಆ ಹಣವನ್ನು ಕಂಪನಿಗೆ ಸರಕಾರವೇ ತುಂಬಬೇಕು. ಕಂಪನಿಗಳು ನಾಲ್ಕಾದಾಗ ಯಾವುದು ತಾನಾಗಿ ಹೊಲದ ಕಂಬದ ವರೆಗೆ ಬಂದೀತು?

ದರ ಗೊತ್ತುಮಾಡುವ ಮುನ್ನ ಆಯೋಗವು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಿಸಿ ಆಕ್ಷೇಪಗಳನ್ನು ಕರೆಯುತ್ತದೆ. ಬರೆಯಲು ವಕೀಲರೇ ಬೇಕೆಂದಿಲ್ಲ, ಯಾವ ಗಿರಾಕಿಯೂ ಬರೆಯಬಹುದು. ಮರಾಠಿ ಇಲ್ಲವೆ ಇಂಗ್ಲೀಷಿನಲ್ಲಿ ಬರೆಯಬೇಕಾದುದರಿಂದ, ಊರಿನ ಓದಿದ ಹುಡುಗರಿಗೆ ಹಿರಿಯರು ತಮ್ಮ ಬಿಲ್ಲುಗಳನ್ನು ಕೊಟ್ಟು ಈ ಕೆಲಸ ಹಚ್ಚಲಿ.